ಏಳಕ್ಷರದ ಮಂತ್ರ: ಡೊಂಬಿವಲಿಯಲ್ಲಿ ಕಟ್ಟಿದ ಬಣ್ಣದ ವೇಷ

ನಾವು ಕಟ್ಟುತ್ತಿರುವ ಆನ್‌ಲೈನ್ ಆಟದ ಯಕ್ಷಗಾನ ರಾಕ್ಷಸ ಮೊದಲ ಸಲ ಪರದೆಯ ಮೇಲೆ ನಡೆದಾಗ ಏಳು ಗಂಟೆಯ ಫಾಸ್ಟ್ ಲೋಕಲ್ ತಪ್ಪಿಸಿಕೊಂಡವನಂತೆ ಕಂಡ. ತಲೆಯ ಮೇಲೆ ದೊಡ್ಡ ಕಿರೀಟ, ಮುಖದ ತುಂಬ ಅಕ್ಕಿಹಿಟ್ಟಿನ ಚುಟ್ಟಿ, ಭುಜಕೀರ್ತಿ, ಎದೆಕಟ್ಟು, ಕಾಲಿಗೆ ಗೆಜ್ಜೆ, ಎಲ್ಲವೂ ಇದ್ದವು. ಎರಡು ತಿಂಗಳು ಕೂತು ಮಾಡಿದ ಮಾದರಿ ಅದು. ಆದರೆ ನಡಿಗೆಯನ್ನು ಮಾತ್ರ ಉಚಿತವಾಗಿ ಸಿಗುವ ಸಂಗ್ರಹವೊಂದರಿಂದ ಎತ್ತಿ ಅಂಟಿಸಿದ್ದೆ. ಕೈಗಳು ಸೊಂಟದ ಪಕ್ಕದಲ್ಲಿ ಜೋಲಾಡುತ್ತಿದ್ದವು, ತಲೆ ಹೆಜ್ಜೆಗೊಮ್ಮೆ ಆಡುತ್ತಿತ್ತು. ಹೆಗಲಿಗೆ ಒಂದು ಚೀಲ ನೇತುಹಾಕಿದ್ದರೆ ವೇಷ ಪೂರ್ತಿಯಾಗುತ್ತಿತ್ತು.

ಸೋದರಮಾವನಿಗೆ ಅದನ್ನು ತೋರಿಸಿದ್ದೇ ತಪ್ಪಾಯಿತು. ಸ್ಟೇಷನ್ ಹತ್ತಿರ ಅವರದ್ದು ಚಿಕ್ಕ ಕ್ಯಾಂಟೀನು. ಹುಡುಗನಾಗಿ ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಶನಿವಾರ ಬಂತೆಂದರೆ ಹವ್ಯಾಸಿ ಯಕ್ಷಗಾನ ತಂಡದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ, ಕಟ್ಟುತ್ತಿದ್ದವರು. ಈಗ ಅರುವತ್ತೊಂದು ವರ್ಷ, ಮಂಡಿನೋವು. ಲ್ಯಾಪ್‌ಟಾಪನ್ನು ಹತ್ತು ಸೆಕೆಂಡು ನೋಡಿ, "ಇವನು ಯಾರು ಮಾರಾಯ, ಇನ್ಶೂರೆನ್ಸ್ ಏಜೆಂಟನಾ?" ಎಂದರು.

ಕೆಲಸದ ಸ್ವರೂಪ ಹೇಳಿಬಿಡುತ್ತೇನೆ. ನಾವು ಮೂವರು ಸೇರಿ ಒಂದು ಚಿಕ್ಕ ಆನ್‌ಲೈನ್ ಫ್ಯಾಂಟಸಿ ಆಟ ಕಟ್ಟುತ್ತಿದ್ದೇವೆ. ಒಂದು ಬಯಲಿನಲ್ಲಿ ಒಮ್ಮೆಗೆ ಇಪ್ಪತ್ತು ಜನ ಆಡಬಹುದು, ಅಷ್ಟೇ. ಪಾತ್ರಗಳು ಮತ್ತು ಮಂತ್ರಗಳ ದೃಶ್ಯಪರಿಣಾಮ ನನ್ನ ಪಾಲು. ನೆಟ್‌ವರ್ಕ್ ನೋಡಿಕೊಳ್ಳುವವಳು ಠಾಣೆ ಊರಿನ ಮರಾಠಿ ಹುಡುಗಿ. ಮಾದರಿಗೆ ಬಣ್ಣ ಹಚ್ಚುವವನು ನನ್ನ ಹಳೆಯ ರೂಮ್‌ಮೇಟ್. ಬ್ಲೆಂಡರ್ ತಂತ್ರಾಂಶದಲ್ಲಿ ಆನಿಮೇಷನ್, ಗೊಡೋ ಎಂಜಿನ್‌ನಲ್ಲಿ ಆಟ. ಹಗಲಿನಲ್ಲಿ ನಾನು ಗೋರೆಗಾಂವ್ ಕಡೆಯ ಒಂದು ಸ್ಟುಡಿಯೋದಲ್ಲಿ ಬೇರೆಯವರ ಡ್ರ್ಯಾಗನ್‌ಗಳಿಗೆ ಹೊಗೆ ಹಾಕುತ್ತೇನೆ. ರಾತ್ರಿ ನಮ್ಮದೇ ಹೊಗೆ.

ಯಕ್ಷಗಾನ ಏಕೆ ಎಂದು ಕೇಳುವವರಿಗೆ: ಇಂಥದನ್ನು ಉಳಿದ ವಿಡಿಯೋ ಗೇಮ್‌ನವರು ಮಾಡಿ ತೋರಿಸಿದ್ದಾರೆ. ಫೈನಲ್ ಫ್ಯಾಂಟಸಿ 14ರ ನಿಂಜಾ 2014ರಿಂದಲೂ ಟೆನ್, ಚಿ, ಜಿನ್ ಎಂಬ ಮೂರು ಹಸ್ತಮುದ್ರೆಗಳನ್ನು ಬೇರೆ ಬೇರೆ ಕ್ರಮದಲ್ಲಿ ಹೆಣೆದು ಬೇರೆ ಬೇರೆ ಮಂತ್ರ ಹಾಕುತ್ತಾನೆ. ಗೆನ್‌ಶಿನ್ ಇಂಪ್ಯಾಕ್ಟ್‌ಗೆ 2022ರ ಜನವರಿಯಲ್ಲಿ ಬಂದ ಯುನ್ ಜಿನ್ ಚೀನೀ ಒಪೆರಾದ ಹುಡುಗಿ. ಅವಳ ಹಾಡಿಗೆ ಆಟದವರು ಪೀಕಿಂಗ್ ಒಪೆರಾ ಕಲಾವಿದೆ ಯಾಂಗ್ ಯಾಂಗ್ ಅವರಿಂದಲೇ ದನಿ ಕೊಡಿಸಿದರು. ಇಲ್ಲೇ ಪಕ್ಕದ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ರಾಜಿ ಎಂಬ ಆಟದಲ್ಲಿ ಕಥೆ ಹೇಳುವುದು ತೊಗಲುಗೊಂಬೆಯ ರೀತಿಯ ನೆರಳುಗಳು. ಇವುಗಳಲ್ಲಿ ನನಗೆ ಹಿಡಿಸಿದ್ದು ಉಡುಪಲ್ಲ. ಯುನ್ ಜಿನ್ ಪೆಟ್ಟು ಹಾಕುವ ಮೊದಲು ಮೈಯನ್ನು ಒಂದು ಭಂಗಿಯಲ್ಲಿ ಹಿಡಿದು ನಿಲ್ಲುತ್ತಾಳಲ್ಲ, ಆ ನಿಲುವಿನಲ್ಲೇ ಅವಳ ಊರು ಗೊತ್ತಾಗುತ್ತದೆ. ನಮ್ಮ ರಾಕ್ಷಸನಿಗೆ ಊರೇ ಇರಲಿಲ್ಲ.

ಜೂನ್, ಜುಲೈ

ನಡಿಗೆಯನ್ನು ಅಳಿಸಿ ಹಾಕಿದೆ. ನಮ್ಮ ಸೊಸೈಟಿಯ ತಾರಸಿಯಲ್ಲಿ, ಮಳೆ ಬಿಟ್ಟ ಒಂದು ಭಾನುವಾರ, ಮಾವನನ್ನು ಚಾಪೆಯ ಮೇಲೆ ನಿಲ್ಲಿಸಿ ಎರಡು ಮೊಬೈಲ್‌ಗಳಲ್ಲಿ ಚಿತ್ರೀಕರಿಸಿದೆ. ಒಂದು ಎದುರಿನಿಂದ, ಇನ್ನೊಂದು ಬಲ ಪಕ್ಕದಿಂದ. ಆ ವಿಡಿಯೋಗಳನ್ನು ಬ್ಲೆಂಡರ್‌ನಲ್ಲಿ ಹಿನ್ನೆಲೆಗೆ ಹಾಕಿ ಒಂದೊಂದೇ ಭಂಗಿಯನ್ನು ಕೈಯಾರೆ ಕೂರಿಸುವುದು ನನ್ನ ಪದ್ಧತಿ. ಮೈಯ ಚಲನೆ ದಾಖಲಿಸುವ ಸೆನ್ಸರ್ ಅಂಗಿಗೆ ದುಡ್ಡಿಲ್ಲ.

ವೇಷವಿಲ್ಲದೆ, ಬನಿಯನ್ ಪಂಚೆಯಲ್ಲಿ ನಿಂತರೂ ಅವರ ಕುತ್ತಿಗೆ ಆಡಲಿಲ್ಲ. ಕಿರೀಟದ ಭಾರ ಇಲ್ಲದಿದ್ದರೂ ಇದೆಯೆಂದೇ ಕುತ್ತಿಗೆ ನಂಬಿತ್ತು. ಕೈಗಳು ಹೆಗಲ ಮಟ್ಟಕ್ಕೆ ಎದ್ದು, ಮೊಣಕೈ ಹೊರಗೆ ಚಾಚಿ, ಅಲ್ಲೇ ಇದ್ದವು. ನೋಡಬೇಕೆಂದರೆ ತಲೆ ತಿರುಗಿಸುವುದಿಲ್ಲ, ಎದೆಯ ಸಮೇತ ಇಡೀ ಮೈ ತಿರುಗುತ್ತದೆ, ಕಣ್ಣು ಮಾತ್ರ ಮೊದಲೇ ಹೋಗಿರುತ್ತದೆ. ಇದನ್ನು ಮಾದರಿಯನ್ನು ಒಳಗಿನಿಂದ ಆಡಿಸುವ ಎಲುಬುಗಳಿಗೆ ಕಟ್ಟಲು ಒಂದು ಸರಳ ನಿಯಮ ಸಾಕಾಯಿತು: ಕುತ್ತಿಗೆಯ ತಿರುಗುವಿಕೆಗೆ ಎಂಟು ಡಿಗ್ರಿಯ ಮಿತಿ, ಉಳಿದದ್ದೆಲ್ಲ ಬೆನ್ನೆಲುಬಿಗೆ. ಆ ಒಂದೇ ಬದಲಾವಣೆಯಿಂದ ಏಜೆಂಟ್ ಮಾಯವಾದ.

ಕೆಳಗಿನ ಮನೆಯವರು ಮೇಲೆ ಬಂದರು. ಹೆಜ್ಜೆ ಕುಟ್ಟುವ ಸದ್ದಿಗೆ ಅವರ ಫ್ಯಾನು ನಡುಗುತ್ತಿತ್ತಂತೆ. ಮಾವ ಅವರಿಗೂ ಎರಡು ಹೆಜ್ಜೆ ಹೇಳಿಕೊಟ್ಟು ಕಳಿಸಿದರು.

ಈ ತಿಂಗಳಲ್ಲೇ ನನ್ನದೊಂದು ಆಸೆಗೆ ಕತ್ತರಿ ಬಿತ್ತು. ರಾಕ್ಷಸ ಧಿಗಿಣ ಹಾಕುತ್ತ, ಅಂದರೆ ಗಾಳಿಯಲ್ಲಿ ಹಾರಿ ಸುತ್ತುತ್ತ, ಶತ್ರುಗಳ ನಡುವೆ ನುಗ್ಗಬೇಕು ಎಂದುಕೊಂಡಿದ್ದೆ. ಮಾವ ಒಪ್ಪಲಿಲ್ಲ. "ಧಿಗಿಣ ಪುಂಡುವೇಷದ, ಎಳೆಯ ವೀರರ ಪಾತ್ರದ, ಹುಡುಗರಿಗೆ. ಬಣ್ಣದ ವೇಷ ಹಾರಿದರೆ ಜನ ನಗುತ್ತಾರೆ. ಅವನು ಭೂಮಿ ಅದುರಿಸಬೇಕು." ಸರಿ, ಧಿಗಿಣಕ್ಕಾಗಿ ಬೇರೆ ಪಾತ್ರವನ್ನೇ ಮಾಡಿದೆವು. ಮೇಳಗಳ ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಊರಿನ ಮೇಳಗಳ ಕಲಾವಿದರು ಮಳೆಗಾಲದ ತಿರುಗಾಟಕ್ಕೆ ಮುಂಬಯಿಗೆ ಬರುತ್ತಾರಲ್ಲ, ಹಾಗೆ ಬಂದಿದ್ದ ಹುಡುಗನೊಬ್ಬ ಮಾವನ ಕ್ಯಾಂಟೀನಿನಲ್ಲಿ ನೀರುದೋಸೆ ತಿಂದ ಋಣಕ್ಕೆ ಯಕ್ಷಗಾನ ಮುಗಿದ ಮೇಲೆ ಸಭಾಂಗಣದ ಹಿಂದೆ ಧಿಗಿಣ ಹಾಕಿ ತೋರಿಸಿದ.

ಆ ಧಿಗಿಣ ಎರಡು ಸಲ ಕೈಕೊಟ್ಟಿತು. ಮೊದಲ ಸಲ ನನ್ನ ಮಡ್ಡತನ: ಎಲುಬಿನ ತಿರುಗುವಿಕೆಯನ್ನು ಕ್ವಾಟರ್ನಿಯನ್ ಎಂಬ ಸಂಖ್ಯಾರೂಪದಲ್ಲಿ ಇಟ್ಟುಕೊಂಡು ಆರಂಭಕ್ಕೊಂದು, ಒಂದು ಸುತ್ತು ಮುಗಿದಾಗ ಇನ್ನೊಂದು ಕೀ (ಭಂಗಿಯ ಗುರುತು) ಹಾಕಿದೆ. ಸೊನ್ನೆ ಡಿಗ್ರಿಯೂ 360 ಡಿಗ್ರಿಯೂ ಅದರ ಲೆಕ್ಕದಲ್ಲಿ ಒಂದೇ ನಿಲುವು. ಹುಡುಗ ಗಾಳಿಗೆ ಹಾರಿ, ಕಂಬದಂತೆ ನೆಟ್ಟಗೆ ಇಳಿದ. ಒಂದು ಸುತ್ತಿಗೆ ನಾಲ್ಕು ಕೀ ಹಾಕಿದ ಮೇಲೆ ತಿರುಗಿದ.

ಎರಡನೆಯದು ನೆಟ್‌ವರ್ಕಿನದು, ಹಿಡಿಯಲು ಒಂದು ವಾರ ಬೇಕಾಯಿತು. ನನ್ನ ಪರದೆಯಲ್ಲಿ ಚೆನ್ನಾಗಿ ಸುತ್ತುವವನು ಠಾಣೆಯ ಪರದೆಯಲ್ಲಿ ಆಗಾಗ ಅರ್ಧ ಸುತ್ತಿ ಹಿಂದಕ್ಕೆ ತಿರುಗುತ್ತಿದ್ದ. ನಮ್ಮ ಸರ್ವರ್ ಸೆಕೆಂಡಿಗೆ 20 ಟಿಕ್ ಓಡುತ್ತದೆ, ಅಂದರೆ ಆಟದ ಸ್ಥಿತಿಯನ್ನು ಅಷ್ಟು ಸಲ ಲೆಕ್ಕ ಹಾಕುತ್ತದೆ. ಒಂದು ಸುತ್ತಿಗೆ ಎಂಟು ಟಿಕ್, ಅಂದರೆ ಟಿಕ್‌ಗೆ 45 ಡಿಗ್ರಿ. ನಡುವೆ ಸುದ್ದಿ ಹೊತ್ತ ನಾಲ್ಕೈದು ಪ್ಯಾಕೆಟ್ ಕಳೆದುಹೋದರೆ ಹಿಂದಿನ ನಿಲುವಿಗೂ ಮುಂದಿನದಕ್ಕೂ ಅರ್ಧ ಸುತ್ತು ಮೀರಿದ ಅಂತರ. ಅಂಥ ಅಂತರವನ್ನು ತುಂಬುವಾಗ ಎಂಜಿನ್ ಹತ್ತಿರದ ದಾರಿಯನ್ನೇ ಹಿಡಿಯುತ್ತದೆ, ಅದು ಹಿಂದಿನ ದಾರಿ. ಪರಿಹಾರ ನೆಟ್‌ವರ್ಕ್ ಹುಡುಗಿಯದು: ಸುತ್ತನ್ನು ಕಳಿಸಲೇಬೇಡ. "ಇಷ್ಟನೇ ಟಿಕ್‌ಗೆ ಧಿಗಿಣ ಶುರು" ಎಂದಷ್ಟೇ ಕಳಿಸು, ಸುತ್ತುವುದು ಅವರವರ ಯಂತ್ರದಲ್ಲಿ ಎಲುಬುಗಳ ಒಳಗೇ ನಡೆಯಲಿ. ಭಾಗವತರು ಪದ ಎತ್ತಿಕೊಟ್ಟರೆ ಸಾಕು, ಪ್ರತಿಯೊಂದು ಹೆಜ್ಜೆಯನ್ನೂ ಅವರೇ ಹಾಕಿ ತೋರಿಸಬೇಕಾಗಿಲ್ಲವಲ್ಲ.

ಆಗಸ್ಟ್: ತಾಳ

ಇನ್ನು ಮಂತ್ರ. ಆನ್‌ಲೈನ್ ಆಟಗಳಲ್ಲಿ ಒಂದು ಮಂತ್ರಕ್ಕೂ ಇನ್ನೊಂದಕ್ಕೂ ನಡುವೆ ಇಂತಿಷ್ಟು ಕಾಯಬೇಕೆಂಬ ಕಟ್ಟು (ಕೂಲ್‌ಡೌನ್) ಇರುತ್ತದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಸಾಮಾನ್ಯವಾಗಿ 1.5 ಸೆಕೆಂಡು, ಫೈನಲ್ ಫ್ಯಾಂಟಸಿ 14ರಲ್ಲಿ 2.5. ನಾವೂ ಕಣ್ಣುಮುಚ್ಚಿ 1.5 ಎಂದು ಬರೆದುಕೊಂಡಿದ್ದೆವು. ಸೆಕೆಂಡಿಗೆ 30 ಫ್ರೇಮ್, ಅಂದರೆ ಬಿಡಿಚಿತ್ರಗಳ, ಲೆಕ್ಕದಲ್ಲಿ 45 ಫ್ರೇಮ್.

ಮಾವ ತ್ರಿವುಡೆ ತಾಳಕ್ಕೆ ಕುಣಿದಿದ್ದರು. ಮೂರು, ಎರಡು, ಎರಡು: ತಕಿಟ, ತಕ, ಧಿಮಿ. ಒಟ್ಟು ಏಳಕ್ಷರ. ನಲವತ್ತೈದನ್ನು ಏಳರಿಂದ ಭಾಗಿಸಿ ನೋಡಿ. ಒಂದಕ್ಷರಕ್ಕೆ ಆರು ಫ್ರೇಮ್, ಮೇಲೆ ಮೂರು ಫ್ರೇಮ್ ಉಳಿಕೆ. ಆ ಮೂರನ್ನು ಕೊನೆಯಲ್ಲಿ ಸೇರಿಸಿದರೆ ರಾಕ್ಷಸ ಮುಗ್ಗರಿಸಿದಂತೆ, ನಡುವೆ ಹಂಚಿದರೆ ಮದ್ದಳೆಗಾರ ತೂಕಡಿಸಿದಂತೆ. ಎರಡನ್ನೂ ಮಾವನಿಗೆ ತೋರಿಸುವ ಧೈರ್ಯ ನನಗಿರಲಿಲ್ಲ.

ಒಂದು ರಾತ್ರಿ ಕರ್ಜತ್ ಲೋಕಲ್‌ನಲ್ಲಿ ಬಾಗಿಲ ಹತ್ತಿರ ನಿಂತಿದ್ದಾಗ ಹೊಳೆಯಿತು. ತಾಳವನ್ನು ಏಕೆ ಮುರಿಯಬೇಕು? 1.5 ಏನು ವೇದವಾಕ್ಯವೇ? 1.4 ಸೆಕೆಂಡು ಮಾಡಿದರೆ 42 ಫ್ರೇಮ್, ಅಕ್ಷರಕ್ಕೆ ಸರಿಯಾಗಿ ಆರು. ಸರ್ವರ್‌ನಲ್ಲಿ 28 ಟಿಕ್, ಅಕ್ಷರಕ್ಕೆ ಸರಿಯಾಗಿ ನಾಲ್ಕು. ಒಂದಕ್ಷರ ಅಂದರೆ 0.2 ಸೆಕೆಂಡು, ಎಲ್ಲೂ ಉಳಿಕೆ ಇಲ್ಲ. ಮನೆಗೆ ಹೋಗುವ ಮೊದಲೇ ನೆಟ್‌ವರ್ಕ್ ಹುಡುಗಿಗೆ ಸಂದೇಶ ಹಾಕಿದೆ. "ಪಾತ್ರಕ್ಕೊಂದು ಕೂಲ್‌ಡೌನ್ ಎಂದರೆ ಸಮತೋಲ ಕೆಡುತ್ತದೆ" ಎಂದು ಎರಡು ದಿನ ಜಗಳವಾಡಿದಳು. ಕೊನೆಗೆ ಆಟದ ಎಲ್ಲ ಪಾತ್ರಗಳಿಗೂ 1.4 ಎಂದೇ ತೀರ್ಮಾನವಾಯಿತು. ಹೀಗೆ ನಮ್ಮ ಆಟದ ಬಿಲ್ಲುಗಾರರೂ ಮಾಂತ್ರಿಕರೂ ತಮಗೇ ತಿಳಿಯದೆ ತ್ರಿವುಡೆಯಲ್ಲಿ ಹೊಡೆದಾಡುತ್ತಿದ್ದಾರೆ.

ಉಡುಪಿನ ವಿಷಯ ಬೇಗ ಮುಗಿಯಿತು. ಬಟ್ಟೆಯ ಪೂರ್ಣ ಸಿಮ್ಯುಲೇಷನ್ ಫೋನಿಗೆ ಭಾರ. ಸೊಂಟದ ಸುತ್ತ ಹನ್ನೆರಡು ಸರಪಳಿ, ಒಂದೊಂದರಲ್ಲಿ ಮೂರು ಎಲುಬು, ಗೊಡೋ 4.4ರಲ್ಲಿ ಬಂದ ಸ್ಪ್ರಿಂಗ್ ಬೋನ್ ಅದನ್ನು ಆಡಿಸುತ್ತದೆ. ಹೆಜ್ಜೆ ಬಿದ್ದ ಒಂದಕ್ಷರದ ನಂತರ ಬಟ್ಟೆ ಕೂರಬೇಕು. ಅಷ್ಟೇ. ಕಿರೀಟದಲ್ಲಿ ಮಾತ್ರ ಒಂದು ಎಡವಟ್ಟು: ಬಣ್ಣ ಹಚ್ಚುವ ರೂಮ್‌ಮೇಟ್ ತೆಂಕುತಿಟ್ಟು ಶೈಲಿಯ ಪುಂಡುವೇಷಕ್ಕೆ ಬಡಗುತಿಟ್ಟಿನ ಕೇದಗೆ ಮುಂದಲೆ ತೊಡಿಸಿಬಿಟ್ಟಿದ್ದ. ಚಿತ್ರ ಹುಡುಕಿದಾಗ ಅದೇ ಚೆಂದ ಕಂಡಿತಂತೆ. ಅವನೇ ಇನ್ನೊಮ್ಮೆ ರಾಕ್ಷಸನ ಬೆನ್ನಿಗೆ ಭೂತಕೋಲದ ದೈವದ ಅಣಿ (ದೊಡ್ಡ ಪ್ರಭಾವಳಿ) ಕಟ್ಟೋಣ, ಇನ್ನೂ ಭರ್ಜರಿಯಾಗುತ್ತದೆ ಎಂದ. ಮಾವ ಲೋಟ ಕೆಳಗಿಟ್ಟರು. "ವೇಷ ಬೇರೆ, ದೈವ ಬೇರೆ. ಅದನ್ನು ಆಟಕ್ಕೆ ತರಬೇಡಿ." ಅದರ ಮೇಲೆ ಚರ್ಚೆ ನಡೆಯಲಿಲ್ಲ, ನನಗೂ ಬೇಕಿರಲಿಲ್ಲ. ರಾಕ್ಷಸನಿಗೆ ಪುರಾಣದ ಹೆಸರನ್ನೂ ಇಟ್ಟಿಲ್ಲ. ಯಾರೋ ಅವನನ್ನು ದಿನಕ್ಕೆ ನೂರು ಸಲ ಸಾಯಿಸುತ್ತಾರೆ, ಹೆಸರು ಏಕೆ ಬೇಕು.

ಸೆಪ್ಟೆಂಬರ್‌ನಿಂದ ದೀಪಾವಳಿ: ಬೆಂಕಿ

ಬಣ್ಣದ ವೇಷದ ಪ್ರವೇಶ ನೋಡಿದವರಿಗೆ ರಾಳ ಗೊತ್ತು. ಉರಿಯುವ ದೊಂದಿಗೆ ಒಂದು ಮುಷ್ಟಿ ರಾಳದ ಹುಡಿ, ಅಂದರೆ ಒಣಗಿದ ಮರದಂಟಿನ ಪುಡಿ, ಎಸೆದರೆ ಭಗ್ಗೆಂದು ಬೆಂಕಿ ಎದ್ದು, ಅದರ ಹಿಂದಿನಿಂದ ಮುಖ ಕಾಣಿಸುತ್ತದೆ. ನನಗೆ ಬೇಕಿದ್ದ ಮಂತ್ರ ಅದೇ. ಆಟಗಳ ಬೆಂಕಿ ಎಲ್ಲ ಕಡೆ ಒಂದೇ ಅಚ್ಚಿನದು: ನಡುವೆ ಬಿಳಿ, ಸುತ್ತ ಕಿತ್ತಳೆ, ಗಾಜಿನಂತೆ ಹೊಳಪು. ಹಗಲಿನ ಕೆಲಸದಲ್ಲಿ ಅದನ್ನೇ ಮಾಡಿ ಮಾಡಿ ನನ್ನ ಕೈ ಜಡ್ಡುಗಟ್ಟಿದೆ.

ಡೊಂಬಿವಲಿಯ ಗ್ರಂಥಿಗೆ ಅಂಗಡಿಯಲ್ಲಿ ಮರಾಠಿಯಲ್ಲಿ ಏನೆಂದು ಕೇಳುವುದು ಎಂದು ತಡವರಿಸಿ, ಕೊನೆಗೆ ರಾಳ ಎಂದೇ ಕೇಳಿದೆ. "ರಾಳ? ಧೂಪಕ್ಕಾ?" ಎಂದು ಅಂಗಡಿಯವನು ಡಬ್ಬಿ ಇಳಿಸಿದ. ಮರಾಠಿಯಲ್ಲೂ ರಾಳವೇ.

ತಾರಸಿಯಲ್ಲಿ ಬೆಂಕಿ ಎಂದೊಡನೆ ಸೊಸೈಟಿಯ ಸೆಕ್ರೆಟರಿ ಕೈ ಅಡ್ಡ ಮಾಡಿದರು. ಅವರದ್ದೇ ಸರಿ. ಮಾವನ ಹಳೆಯ ತಂಡದಲ್ಲಿ ವರ್ಷಗಟ್ಟಲೆ ರಾಳ ಹಾಕಿದವರೊಬ್ಬರು ಬಂದರು, ಊರ ಹೊರಗಿನ ಬಯಲಿಗೆ ಹೋದೆವು, ನೀರಿನ ಬಕೆಟ್, ಒದ್ದೆ ಗೋಣಿಚೀಲ ಪಕ್ಕದಲ್ಲೇ. ಕೈ ಪಳಗದವರು ಮುಟ್ಟುವ ಕೆಲಸವಲ್ಲ, ನಾನು ಮೊಬೈಲ್ ಹಿಡಿದು ದೂರವೇ ನಿಂತೆ. ಸೆಪ್ಟೆಂಬರಿನ ಮೊದಲ ಪ್ರಯತ್ನ ನೀರುಪಾಲು. ಮುಂಬಯಿಯ ತೇವಕ್ಕೆ ಹುಡಿ ಗಂಟುಕಟ್ಟಿತ್ತು. ಎಸೆದದ್ದು ಬೆಂಕಿಯ ನಡುವೆ ಜಲ್ಲಿಯಂತೆ ಹಾದು ನೆಲಕ್ಕೆ ಬಿತ್ತು. ಒಂದೊಂದು ಕಣವೂ ಬಿಡಿಬಿಡಿಯಾಗಿ ಗಾಳಿಯಲ್ಲಿ ತೇಲಿದರಷ್ಟೇ ಎಲ್ಲಕ್ಕೂ ಒಮ್ಮೆಗೇ ಬೆಂಕಿ ಹಿಡಿಯುತ್ತದೆ. ಗಂಟಿಗೆ ಮೇಲ್ಮೈ ಕಡಿಮೆ, ಉರಿಯಲು ಪುರುಸೊತ್ತು ಸಾಲದು. ಬಿಸಿಲಿಗೆ ಒಣಗಿಸಿ, ಬಟ್ಟೆಯಲ್ಲಿ ಸೋಸಿ, ದೀಪಾವಳಿಯ ಮರುದಿನ ಮತ್ತೆ ಹೋದೆವು. ಸುತ್ತ ಪಟಾಕಿಯ ಗದ್ದಲ, ನಮ್ಮನ್ನು ಯಾರೂ ಕೇಳಲಿಲ್ಲ.

ಸೆಕೆಂಡಿಗೆ 240 ಫ್ರೇಮ್‌ನಲ್ಲಿ ತೆಗೆದ ಹನ್ನೊಂದು ತುಣುಕುಗಳು ಸಿಕ್ಕವು. ಅವನ್ನು ನಿಧಾನಕ್ಕೆ ನೋಡಿದಾಗ ನಾನು ಇಷ್ಟು ವರ್ಷ ಬೆಂಕಿಯನ್ನು ನೋಡೇ ಇಲ್ಲ ಅನಿಸಿತು. ಮೊದಲು ಬೆಳಕೇ ಇಲ್ಲ. ಮಾಸಲು ಹಳದಿಯ ಹುಡಿಯ ಮೋಡವೊಂದು ದೊಂದಿಯನ್ನು ಅರೆಕ್ಷಣ ಮರೆಮಾಡುತ್ತದೆ. ಆಮೇಲೆ ಮೋಡದ ಒಳಗಿನಿಂದ, ದೊಂದಿಯ ಕಡೆಯಿಂದ ಹೊರಕ್ಕೆ, ಬೆಂಕಿ ಹರಡುತ್ತದೆ. ತುಂಬಿಕೊಳ್ಳಲು ಕಾಲು ಸೆಕೆಂಡು. ತುಂಬಿದ ಬೆಂಕಿಯ ಅಂಚು ಹೂಕೋಸಿನಂತೆ ಗುಬ್ಬುಗುಬ್ಬು. ಬಿಳಿ ಎಲ್ಲೂ ಇಲ್ಲ, ಅರಿಸಿನ, ಕುಂಕುಮ, ಆಮೇಲೆ ನೇರ ಕಪ್ಪು. ಒಂದು ಸೆಕೆಂಡಿನೊಳಗೆ ಬೆಂಕಿ ಮುಗಿದು ಮಸಿಹೊಗೆಯ ಉಂಡೆ ಮೇಲಕ್ಕೇರುತ್ತಿರುತ್ತದೆ.

ಆ ಕಪ್ಪೇ ತೊಡಕಾಯಿತು. ಆಟದ ಬೆಂಕಿಯನ್ನು ಸಾಮಾನ್ಯವಾಗಿ ಕೂಡಿಸುವ ರೀತಿಯಲ್ಲಿ ಬರೆಯುತ್ತೇವೆ, ಹಿಂದಿರುವ ಬಣ್ಣಕ್ಕೆ ಬೆಂಕಿಯ ಬಣ್ಣ ಸೇರಿ ಹೊಳಪು ಹೆಚ್ಚುತ್ತದೆ. ಕಪ್ಪು ಅಂದರೆ ಸೊನ್ನೆ. ಸೊನ್ನೆ ಕೂಡಿಸಿದರೆ ಏನೂ ಆಗದು, ಮಸಿ ಕಾಣುವುದೇ ಇಲ್ಲ. ಬೆಂಕಿಗೆ ಒಂದು, ಹೊಗೆಗೆ ಒಂದು ಎಂದು ಎರಡು ಪದರ ಹಾಕಿದರೆ ಅವು ಎಣ್ಣೆ ನೀರಿನಂತೆ ಬೇರೆಬೇರೆಯಾಗಿಯೇ ಉಳಿದವು. ಕೊನೆಗೆ ಒಂದೇ ಶೇಡರಿನಲ್ಲಿ (ಪರದೆಯ ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ), ಬಣ್ಣವನ್ನು ಮೊದಲೇ ಆಲ್ಫಾ ಎಂಬ ಅಪಾರದರ್ಶಕತೆಯ ಅಂಕಿಯಿಂದ ಗುಣಿಸಿಟ್ಟ ರೀತಿಗೆ ಬಂದೆ. ಅದರಲ್ಲಿ ಆಲ್ಫಾ ಸೊನ್ನೆ ಇದ್ದರೆ ಕಣ ಹಿನ್ನೆಲೆಗೆ ಕೂಡಿಕೊಂಡು ಬೆಳಗುತ್ತದೆ, ಒಂದಾದರೆ ಹಿನ್ನೆಲೆಯನ್ನು ಮುಚ್ಚುತ್ತದೆ. ಕಣದ ಆಯುಸ್ಸು ಕಳೆದಂತೆ ಆಲ್ಫಾವನ್ನು ಸೊನ್ನೆಯಿಂದ ಒಂದಕ್ಕೆ ಏರಿಸಿದೆ. ಅದೇ ಕಣ ಬೆಂಕಿಯಾಗಿ ಹುಟ್ಟಿ ಮಸಿಯಾಗಿ ಸಾಯುತ್ತದೆ.

ಕ್ಯಾಂಟೀನಿನ ಹುಡುಗನ ಹಳೆಯ ಫೋನಿನಲ್ಲಿ ಇಪ್ಪತ್ತು ರಾಕ್ಷಸರು ಒಟ್ಟಿಗೆ ರಾಳ ಎಸೆದರೆ ಆಟ ಸೆಕೆಂಡಿಗೆ 11 ಫ್ರೇಮ್‌ಗೆ ಇಳಿಯಿತು. ಒಂದರ ಮೇಲೊಂದು ಬೀಳುವ ಪಾರದರ್ಶಕ ಕಣಗಳಿಗಾಗಿ ಅದೇ ಪಿಕ್ಸೆಲ್‌ಗೆ ಮತ್ತೆ ಮತ್ತೆ ಬಣ್ಣ ಬಳಿಯಬೇಕು. 400 ಕಣಗಳ ಬದಲು 48, ಒಂದೊಂದರಲ್ಲೂ ಹದಿನಾರು ಚಿತ್ರಗಳ ಹಾಳೆ. 11 ಹೋಗಿ 38 ಆಯಿತು. ಫೋನಿನ ಹುಡುಗನಿಗೆ ಮೊದಲಿನದೇ ಚೆಂದ ಇತ್ತಂತೆ.

ಆಮೇಲೆ ಮುಖ್ಯ ಸಂಗತಿ. ಮಂತ್ರವನ್ನು ತಾಳಕ್ಕೆ ಹೊಂದಿಸಿದ್ದೆ: ತಕಿಟದಲ್ಲಿ ಕೈ ಎತ್ತಿ ಹೆಜ್ಜೆ ಕುಟ್ಟುವುದು, ತಕದಲ್ಲಿ ಎಸೆತ, ಧಿಮಿಯಲ್ಲಿ ಬೆಂಕಿ. ಆರನೇ ಅಕ್ಷರ ಶುರುವಾಗುವುದು 30ನೇ ಫ್ರೇಮಿಗೆ, ಅಂದರೆ 20ನೇ ಟಿಕ್‌ಗೆ. ಬೆಂಕಿ ಅಲ್ಲಿ ಹೊತ್ತಿಕೊಳ್ಳುತ್ತಿತ್ತು, ಪೆಟ್ಟೂ ಅಲ್ಲೇ ಬೀಳುತ್ತಿತ್ತು. ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೂ ಸಪ್ಪೆ. ರಾಳ ಹಾಕುವವರಿಗೆ ತೋರಿಸಿದೆ.

"ಬೆಂಕಿ ತಡ" ಎಂದರು.

"ಇಲ್ಲ, ಚೆಂಡೆಯ ಪೆಟ್ಟಿಗೆ ಸರಿಯಾಗಿ ಹೊತ್ತುತ್ತಿದೆ ನೋಡಿ."

"ಅದೇ ತಪ್ಪು. ಚೆಂಡೆಗೆ ಬೆಂಕಿ ಹೊತ್ತಬಾರದು, ತುಂಬಬೇಕು. ನಾವು ಒಂದು ಪೆಟ್ಟು ಮೊದಲೇ ಎಸೆಯುತ್ತೇವೆ."

ಆನ್‌ಲೈನ್ ಆಟ ಕಟ್ಟುವವರು ಹಗಲಿರುಳು ಒದ್ದಾಡುವುದು ಇದಕ್ಕೇ. ಗುಂಡಿ ಒತ್ತಿದ ಸುದ್ದಿ ಸರ್ವರ್‌ಗೆ ಹೋಗಿ ಬರಲು ಹೊತ್ತು ಬೇಕು, ಲೋಕಲ್‌ನಲ್ಲಿ ಕೂತ ಆಟಗಾರನಿಗೆ ಇನ್ನೂ ಹೆಚ್ಚು. ಆ ತಡವನ್ನು ಮೊದಲೇ ಲೆಕ್ಕ ಹಾಕಿ ಮುಂಚಿತವಾಗಿ ಹೊರಡಬೇಕು. ಕಾಲು ಸೆಕೆಂಡಿನ ತಡವನ್ನು ಇವರು ಮುಷ್ಟಿಯಲ್ಲೇ ಲೆಕ್ಕ ಹಾಕಿಕೊಂಡು ಎಸೆಯುತ್ತಿದ್ದರು.

ಎಸೆತವನ್ನು ನಾಲ್ಕನೇ ಅಕ್ಷರದ ಆರಂಭಕ್ಕೆ, 18ನೇ ಫ್ರೇಮಿಗೆ ತಂದೆ. ಐದಕ್ಕೆ, 24ರಲ್ಲಿ ಹೊತ್ತುತ್ತದೆ. ಕಾಲು ಸೆಕೆಂಡನ್ನು 0.2ಕ್ಕೆ ಒತ್ತಿದ್ದರಿಂದ 30ಕ್ಕೆ ತುಂಬುತ್ತದೆ. ಹುಡಿಯ ಮಾಸಲು ಮೋಡ ದೊಂದಿಯನ್ನು ಮರೆಮಾಡುವ ಆ ಅರೆಕ್ಷಣವನ್ನೂ ಉಳಿಸಿಕೊಂಡೆ, ಎದುರಾಳಿಗೆ ಓಡಲು ಸಿಗುವ ಸೂಚನೆ ಅದು. ಗುಂಡಿ ಒತ್ತಿದವನ ಯಂತ್ರದಲ್ಲಿ ಸರ್ವರ್‌ನ ಒಪ್ಪಿಗೆಗೆ ಕಾಯದೆ ತಕಿಟ ಶುರುವಾಗುತ್ತದೆ. ಅದರ 0.6 ಸೆಕೆಂಡಿನೊಳಗೆ ಒಪ್ಪಿಗೆ ಬಂದರೆ ಎಸೆತ, ಬರದಿದ್ದರೆ ಕೈ ಕೆಳಗೆ. ಬೇರೆಯವರ ಪರದೆಗೆ ಸುದ್ದಿ ತಡವಾಗಿ ತಲುಪಿದರೆ ಅಲ್ಲಿ ತಕಿಟವನ್ನಷ್ಟೇ ಚುರುಕುಗೊಳಿಸಿ, ತಕ ಧಿಮಿಯನ್ನು ಮುಟ್ಟುವುದಿಲ್ಲ. ಬೆಂಕಿ ಎಲ್ಲರಿಗೂ 20ನೇ ಟಿಕ್‌ಗೇ ತುಂಬುತ್ತದೆ.

ನಿನ್ನೆ

ಗೆಜ್ಜೆಯ ಸದ್ದು ಸೇರಿಸಿದೆ. ಹೆಜ್ಜೆ ನೆಲ ಮುಟ್ಟಿದ ಫ್ರೇಮಿಗೆ ಮಾವನದೇ ಗೆಜ್ಜೆಯ ಧ್ವನಿಮುದ್ರಣ, ಪ್ರತಿ ಸಲ ಶ್ರುತಿ ಒಂದಿಷ್ಟು ಆಚೀಚೆ. ಕ್ಯಾಂಟೀನಿನ ಮೂಲೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ರಾಕ್ಷಸನಿಂದ ಮತ್ತೆ ಮತ್ತೆ ರಾಳ ಎಸೆಸುತ್ತಿದ್ದೆ. ಮಾವ ಅಡುಗೆಮನೆಯಲ್ಲಿ ಕಾವಲಿಗೆ ನೀರು ಚಿಮುಕಿಸುತ್ತಿದ್ದರು, ಪರದೆ ಅವರಿಗೆ ಕಾಣುವಂತಿರಲಿಲ್ಲ.

"ಎಡಗಾಲು ಹಿಂದೆ ಬಿತ್ತು" ಎಂದು ಅಲ್ಲಿಂದಲೇ ಕೂಗಿದರು.

"ಎಲ್ಲಿ ಮಾವ?"

"ಧಿ ಎನ್ನುವಲ್ಲಿ."

ಬ್ಲೆಂಡರ್ ತೆರೆದು ನೋಡಿದೆ. ಎಡಪಾದ ನೆಲ ಮುಟ್ಟುತ್ತಿದ್ದುದು 32ನೇ ಫ್ರೇಮಿನಲ್ಲಿ. ಎಳೆದು 30ಕ್ಕೆ ಇಟ್ಟು ಇನ್ನೊಮ್ಮೆ ಓಡಿಸಿದೆ. ಒಳಗಿನಿಂದ ಮಾತು ಬರಲಿಲ್ಲ, ದೋಸೆ ಹುಯ್ದ ಸದ್ದಷ್ಟೇ ಬಂತು.